ಮೂರು ಪೆಟ್ಟು, ಆಮೇಲೆ ಎರಡು

ಆ ಡಾಟ್‌ಕಾಮ್ ವರ್ಷಗಳಲ್ಲಿ ಮಿಲ್ಪಿಟಾಸ್‌ನಲ್ಲಿ ಕೆಲಸವಿಲ್ಲದವಳು ನಾನೊಬ್ಬಳೇ ಇರಬೇಕು. ಗಂಡನ ವೀಸಾಗೆ ಅಂಟಿಕೊಂಡು ಬಂದವಳು, ದುಡಿಯುವ ಹಾಗಿಲ್ಲ. ಮೈಸೂರಿನಲ್ಲಿ ಹತ್ತು ವರ್ಷ ಮೃದಂಗ ಕಲಿತ ಕೈ ಅಪಾರ್ಟ್‌ಮೆಂಟಿನಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿತ್ತು. ಈ ಊರಿನಲ್ಲಿ ನಾನು ಯಾರಿಗೂ ಬೇಕಾಗಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಪಕ್ಕದೂರು ಕ್ಯಾಂಪ್‌ಬೆಲ್‌ನಲ್ಲಿ ಶನಿವಾರ ಲ್ಯಾಟಿನ್ ಜಾಝ್ ಕಲಿಸುತ್ತಾರೆಂದು ಗೊತ್ತಾದದ್ದೇ ತಡ, ಓಡಿದೆ. ಮೇಷ್ಟ್ರು ಕ್ಯೂಬಾದ ಮುದುಕರು. ಗುಲಾಮರಾಗಿ ಬಂದ ಆಫ್ರಿಕಾದವರ ತಾಳ ಕ್ಯೂಬಾದಲ್ಲಿ ಸ್ಪೇನಿನ ಹಾಡುಗಳ ಜೊತೆ ಬೆರೆತದ್ದು, ಆಮೇಲೆ ನ್ಯೂಯಾರ್ಕಿಗೆ ಹೋಗಿ ಜಾಝ್‌ಗೆ ಗಂಟುಬಿದ್ದದ್ದು, ಎಲ್ಲವನ್ನೂ ತಮ್ಮ ಮನೆಯ ಮದುವೆಯ ಸುದ್ದಿಯಂತೆ ಹೇಳಿದರು. ಇನ್ನು ಡ್ರಮ್ಮು ಕೊಡುತ್ತಾರೆ ಎಂದುಕೊಂಡರೆ, ಎರಡು ಗಿಡ್ಡ ಕೋಲು ಕೊಟ್ಟರು! ಹೆಸರು ಕ್ಲಾವೆ. ಮೂರು ಪೆಟ್ಟು, ಆಮೇಲೆ ಎರಡು. ಹಾಡು ಮುಗಿಯುವ ತನಕ ಅಷ್ಟೇ.

ನನಗೆ ರೇಗಿತು. ಎರಡನೇ ವಾರ ನಮ್ಮ ಸಂಗೀತ ಕಚೇರಿಯ ಮುಕ್ತಾಯವನ್ನು ನಡುವೆ ತುರುಕಿದೆ. ಒಂದೇ ಜತಿಯನ್ನು ಮೂರು ಸಲ ಹೊಡೆದು, ಸಮಕ್ಕೆ ಬಂದು ಠೀವಿಯಿಂದ ನಿಂತೆ. ಶಭಾಷ್ ಅನ್ನುವುದಿರಲಿ, ಪಿಯಾನೋ ಒಂದು ಕಡೆ, ಟ್ರಂಪೆಟ್ಟು ಇನ್ನೊಂದು ಕಡೆ ದಿಕ್ಕಾಪಾಲಾದವು.

"ನಿಮ್ಮಲ್ಲಿ ತಾಳ ಎಲ್ಲಿರುತ್ತದೆ?" ಎಂದು ಮೇಷ್ಟ್ರು ಕೇಳಿದರು.

"ಎಲ್ಲರ ತೊಡೆಯ ಮೇಲೆ."

"ನಮ್ಮದು ನಿನ್ನ ಕೋಲಿನಲ್ಲಿದೆ."

ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡೆ.

ನಮ್ಮ ಕ್ಲಾಸಿನವರ ಕಾರ್ಯಕ್ರಮದ ದಿನ, ಭಾನುವಾರ ಮಧ್ಯಾಹ್ನ, ಹೊರಡುವ ಹೊತ್ತಿಗೆ ಗಂಡನ ಪೇಜರು ಕೂಗಿತು. "ಹತ್ತೇ ನಿಮಿಷ ಕಣೇ, ಸರ್ವರ್ರು ಬಿದ್ದೋಗಿದೆ!" ಹತ್ತು ನಿಮಿಷ ಒಂದು ಗಂಟೆಯಾಯಿತು. ಫ್ರೀವೇನಲ್ಲಿ ಬೇರೆ ಟ್ರಾಫಿಕ್ಕು.

"ಮನೆಗೆ ತಿರುಗ್ಸಿ ರೀ. ನನ್ನ ಐದು ಪೆಟ್ಟಿಗೋಸ್ಕರ ಯಾರು ಕಾಯ್ತಾರೆ?" ಎಂದು ಕಾರಿನಲ್ಲೇ ಅತ್ತುಬಿಟ್ಟೆ.

"ಸುಮ್ನಿರೇ ಮಾರಾಯ್ತಿ, ಕೇಳ್ಕೊಂಡಾದ್ರೂ ಬರೋಣ."

ಬಾಗಿಲು ತಳ್ಳಿದರೆ ಹಾಲ್ ತುಂಬ ಜನ. ವೇದಿಕೆಯ ಮೇಲೆ ಎಲ್ಲರೂ ವಾದ್ಯ ಹಿಡಿದುಕೊಂಡು ಸುಮ್ಮನೆ ನಿಂತಿದ್ದಾರೆ. ಜನರನ್ನು ಹಿಡಿದಿಡಲು ಮೇಷ್ಟ್ರು ಅರ್ಧ ಗಂಟೆಯಿಂದ ಮಾತಾಡಿ ಮಾತಾಡಿ ಗಂಟಲು ಕಟ್ಟಿಕೊಂಡಿದ್ದರು. ನನ್ನನ್ನು ಕಂಡದ್ದೇ ಟ್ರಂಪೆಟ್ಟಿನವನು "ಬಂದಳು!" ಎಂದು ಕೂಗಿಯೇಬಿಟ್ಟ.

ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದೆ. ಕಣ್ಣು ಇನ್ನೂ ಒದ್ದೆ. ಕೋಲು ಎತ್ತಿದೆ. ಏಳು ಜನ ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದರು. ನಾನು ಹೊಡೆಯುವವರೆಗೆ ಯಾರೂ ಶುರು ಮಾಡಲಿಲ್ಲ.