ಅಡ್ಡ ತೋಡಿದ ಗುಂಡಿ

ಸಾವಿನ ಮನೆಗೆ ಬಂದು ಸಮಾಧಾನ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದರಲ್ಲೂ ನಮ್ಮ ಚರ್ಚಿನ ಸಭೆಯವರು. ಅಪ್ಪ ತೀರಿಕೊಂಡ ದಿನ ತಿ. ನರಸೀಪುರದ ನಮ್ಮ ಮನೆಯ ಜಗಲಿ ತುಂಬ ಅವರೇ. "ಅಳಬಾರ್ದು ಕಣಮ್ಮ, ಅವ್ರು ಕರ್ತನ ಅತ್ರ ಓಗವ್ರೆ" ಎಂದು ಅವ್ವನಿಗೆ ಹೇಳುವುದು, ಆ ಉಸಿರಿನಲ್ಲೇ ಕಾಫಿಗೆ ಸಕ್ಕರೆ ಸಾಲದು ಎಂದು ಒಳಗೆ ಕೂಗುವುದು. ಕರ್ತನ ಹತ್ತಿರ ಹೋಗುವುದು ಅಷ್ಟು ಸುಖವಾದರೆ ಇವರೆಲ್ಲ ಬಿ.ಪಿ. ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸದೆ ನುಂಗುವುದೇಕೆ ಎಂದು ಕೇಳಬೇಕೆನಿಸಿತು.

ನಾನು ಚರ್ಚಿಗೆ ಹೋಗುವುದನ್ನು ಬಿಟ್ಟು ಆಗಲೇ ಹತ್ತು ವರ್ಷವಾಗಿತ್ತು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ, ಅಲ್ಲೇ ಬಾಡಿಗೆ ಮನೆ. ಸತ್ತವರು ಏಳುತ್ತಾರೆ ಎಂಬ ಮಾತು ಕೇಳಿದರೆ ನಗು ಬರುತ್ತಿತ್ತು. ಅವ್ವನ ಎದುರಿಗೂ ನಕ್ಕಿದ್ದೇನೆ. ಅದಕ್ಕೀಗ ನಾಚಿಕೆಯಾಗುತ್ತದೆ.

ಅಪ್ಪ ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ಸೌಡಿಯಾಗಿದ್ದ. ಸೋಸಲೆ ಕಡೆಯ ಬದುಗಳ ಮೇಲೆ ತಿರುಗಿ ತಿರುಗಿ, ಮನೆಗೂ ಬದುವಿನ ಮೇಲೇ ಬರುತ್ತಿದ್ದ. ಮುಂಬಾಗಿಲು ಎಂಬುದೊಂದಿದೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ ಎನ್ನಬೇಕು. ಕೆಸರುಗಾಲಿನಲ್ಲಿ ಹಿತ್ತಿಲಿಗೆ ಬಂದು ಒಮ್ಮೆ ಕೆಮ್ಮುವನು. ಅವ್ವ ಎಲ್ಲಿದ್ದರೂ ಕೇಳಿಸಿಕೊಂಡು ಚೊಂಬಿನಲ್ಲಿ ನೀರು ತರುವಳು. ಅವಳನ್ನು ಹೆಸರು ಹಿಡಿದು ಕರೆದದ್ದು ನಾನು ಕಾಣೆ.

ಸಭೆಗೆ ಗುಂಡಿ ತೋಡುತ್ತಿದ್ದವನು ಅಂದು ಊರಿನಲ್ಲಿರಲಿಲ್ಲ. ಮುಡುಕುತೊರೆ ಕಡೆಯಿಂದ ಒಬ್ಬನನ್ನು ಕರೆಸಿದರು. ಅವನು ತನ್ನ ಊರಿನಲ್ಲಿ ತೋಡುತ್ತಿದ್ದ ಹಾಗೆಯೇ ತಲೆ ದಕ್ಷಿಣಕ್ಕೆ, ಕಾಲು ಉತ್ತರಕ್ಕೆ ಬರುವಂತೆ ತೋಡಿಬಿಟ್ಟ. ನಮ್ಮವರ ಪದ್ಧತಿ ಬೇರೆ. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಕಡೆಯ ದಿನ ಕರ್ತನು ಪೂರ್ವದಿಂದ ಬಂದಾಗ ಎದ್ದವರಿಗೆ ನೇರವಾಗಿ ಅವನ ಮುಖ ಕಾಣಬೇಕಂತೆ. ಗೋರಿಗಳ ಸಾಲಿಗೆ ಅಪ್ಪನ ಗುಂಡಿ ಅಡ್ಡಡ್ಡವಾಗಿ ಬಿದ್ದಿತ್ತು.

ಪೆಟ್ಟಿಗೆ ಇಳಿಸುವ ಹೊತ್ತಿಗೆ ಸಭೆಯ ಹಿರಿಯರೊಬ್ಬರು, ರಿಟೈರಾದ ಹೆಡ್‌ಮಾಸ್ಟರು, ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ನಿಂತರು. "ತಪ್ಪಾಗಿದೆ, ಇಳಿಸಬೇಡಿ" ಎಂದರು. ಬೇರೆ ಗುಂಡಿ ತೋಡಿಸಬೇಕು ಎಂದು ಕೆಲವರು, ಹೊತ್ತಾಯಿತು ಎಂದು ಕೆಲವರು. ಹೆಣವನ್ನು ಬಿಸಿಲಿನಲ್ಲಿಟ್ಟುಕೊಂಡು ಮುಕ್ಕಾಲು ಗಂಟೆ ವಾದ ಮಾಡಿದರು. ಪಾದ್ರಿಯವರು ಹೊಸಬರು. ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡುತ್ತಿದ್ದರು. ಗುಂಡಿ ತೋಡಿದವನು, "ನಂಗೇನ್ ಗೊತ್ತು ಸಾ, ನಮ್ ಕಡೆ ಯಾರ್ ಸತ್ರೂ ತಲೆ ತೆಂಕ್ಲಾಗೇ ಮಡಗೋದು" ಎಂದು ಗುದ್ದಲಿ ಊರಿ ನಿಂತ.

ನನಗೆ ತಡೆಯಲಾಗಲಿಲ್ಲ. "ಮಣ್ಣಾದವರನ್ನ ಎಬ್ಬಿಸೋ ದೇವ್ರಿಗೆ ಒಂಚೂರು ಆ ಕಡೆ ತಿರುಗಿಸೋಕೆ ಬರಲ್ವಾ ಸಾರ್?" ಎಂದೆ. ನಂಬದವರು ಇದರಲ್ಲಿ ಬಾಯಿ ಹಾಕಬಾರದು ಎಂದು ಹಿರಿಯರು ಮುಖ ತಿರುಗಿಸಿದರು.

ಪೆಟ್ಟಿಗೆಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತಿದ್ದ ಅವ್ವ ಆಗ ಎದ್ದಳು. ಬೆಳಗಿನಿಂದ ಯಾರೂ ಅವಳನ್ನು ಅಳಲು ಬಿಟ್ಟಿರಲಿಲ್ಲ.

"ಇಳ್ಸಿ ಸಾ," ಎಂದಳು. "ಅವ್ರು ಯಾವತ್ತು ನೇರ್ವಾಗ್ ಬಂದವ್ರೆ? ಯಾವ್ ಕಡೆ ಎದ್ರೂ ಸುತ್ಕೊಂಡ್ ಬಂದು ಇತ್ಲಲ್ಲೇ ಕೆಮ್ಮದು. ನನ್ನೂ ಇಂಗೇ ಅವ್ರ ಪಕ್ಕ ಮಡಗಿ. ಆಮೇಲೆ ಇಬ್ರೂ ಒಟ್ಗೆ ಅತ್ಲಾಗ್ ತಿರುಗ್ಕೋತೀವಿ."

ಹೇಳಿ ಮುಗಿಸಿ ಗಟ್ಟಿಯಾಗಿ ಅತ್ತಳು. ಅಳಬಾರದು ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಪೆಟ್ಟಿಗೆ ಇಳಿಯಿತು.

ಆಮೇಲೆ ಮೂರು ವರ್ಷ ಅವ್ವ ನಂಜನಗೂಡಿನಲ್ಲಿ ನನ್ನ ಜೊತೆಗಿದ್ದಳು. ಸಂಜೆ ಹಿಂಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿರಲಿಲ್ಲ. "ಯಾರು ಬರ್ತಾರೆ ಅಂತ ಕಾಯ್ತಿದ್ದೀಯವ್ವ, ಸೊಳ್ಳೆ ಬಿಟ್ರೆ?" ಎಂದು ನಾನು ಅಣಕಿಸುತ್ತಿದ್ದೆ. "ನಿಂಗ್ಯಾಕ್ಲಾ ಅದು" ಎಂದು ಅವಳು ಸೊಪ್ಪು ಬಿಡಿಸುವುದನ್ನು ಮುಂದುವರಿಸುತ್ತಿದ್ದಳು.

ಹೋದ ವರ್ಷ ಅವಳೂ ಹೋದಳು. ತಿ. ನರಸೀಪುರಕ್ಕೆ ತಂದೆವು. ಜಗಲಿಯಲ್ಲಿ ಅದೇ ಕಾಫಿ, ಅದೇ ಕರ್ತನ ಸನ್ನಿಧಿ. ಹೆಡ್‌ಮಾಸ್ಟರಿಗೆ ಈಗ ಕೈಯಲ್ಲಿ ಕೋಲು ಬಂದಿದೆ, ದಿಕ್ಸೂಚಿ ಮಾತ್ರ ಹೋಗಿಲ್ಲ. ಈ ಸಲವಾದರೂ ಸರಿಯಾಗಿ ತೋಡಿಸೋಣ ಎಂದರು. ಅಡ್ಡವೇ ಆಗಬೇಕೆಂದು ನಾನು ಹಟ ಹಿಡಿದೆ, ಸ್ಮಶಾನ ಎನ್ನುವುದನ್ನೂ ಮರೆತು ಕೂಗಾಡಿದೆ. ಅವರು ಸಿಟ್ಟಾಗಲಿಲ್ಲ. "ಏಳೋದೇ ಸುಳ್ಳು ಅನ್ನೋ ನಿನಗೆ ಯಾವ ದಿಕ್ಕಾದ್ರೇನಪ್ಪ?" ಎಂದು ಕೇಳಿದರು.

ಗುದ್ದಲಿ ಇಸಿದುಕೊಂಡು ಅಪ್ಪನ ಗೋರಿಯ ಪಕ್ಕ ನಾನೇ ಗೆರೆ ಎಳೆದೆ. ತೋಡುವವನು ನಡುವೆ ಮೂರಡಿ ಜಾಗ ಬಿಡಲು ಹೋದ.

"ಅಷ್ಟು ದೂರ ಬೇಡ ಕಣಪ್ಪ," ಎಂದೆ. "ಅಪ್ಪ ಕೆಮ್ಮಿದ್ರೆ ಅವ್ವಂಗೆ ಕೇಳಿಸ್ಬೇಕು."

ಹೇಳಿದ ಮೇಲೆ ಹಿರಿಯರ ಕಡೆ ನೋಡಿದೆ. ಅವರು ಮೊಬೈಲನ್ನು ಜೇಬಿಗಿಳಿಸಿ ತಲೆ ತಗ್ಗಿಸಿದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ನಗುತ್ತಿದ್ದೆ.