ದೀಪ ಹಚ್ಚಿದ್ದಕ್ಕೇ ಬಸುರಿಯಾದೆ

ತಿಂಡಿಗೆ ಕೂತಿದ್ದೆ. ನನ್ನ ಮುಂದಿದ್ದ ಅನಾನಸ್ ತಟ್ಟೆಯನ್ನು ಅತ್ತೆ ಎತ್ತಿಕೊಂಡು ಹೋದರು.

ವಾಪಸ್ ಬಂದು ಅದರ ಜಾಗದಲ್ಲಿ ಒಂದು ಲೋಟ ಹಾಲಿಟ್ಟರು. ಕೇಸರಿ ಹಾಕಿದ ಹಾಲು. ಮದುವೆಯಾಗಿ ಐದು ವರ್ಷವಾದರೂ ಈ ಮನೆಯಲ್ಲಿ ಕೇಸರಿ ಅನ್ನೋ ಪದಾರ್ಥ ಇದೆ ಅಂತ ನನಗೆ ಗೊತ್ತಿರಲಿಲ್ಲ.

"ಇವತ್ತಿಂದ ಸ್ಕೂಟರ್ ಬೇಡ. ಮೂರ್ನಾಡಿಗೆ ಕೆಲಸಕ್ಕೆ ಲೋಕೇಶ ಜೀಪಲ್ಲಿ ಬಿಡ್ತಾನೆ. ನಿಧಾನ ಓಡಿಸ್ಬೇಕು ಅವನು."

(ನಮ್ಮ ಮನೆಯಲ್ಲಿ ಮಾತಾಡುವುದು ಕೊಡಗಿನ ಅರೆಭಾಷೆ. ನಿಮಗೋಸ್ಕರ ಕನ್ನಡ ಮಾಡಿದ್ದೇನೆ. ಬೈಗುಳದ ಖಾರ ಸ್ವಲ್ಪ ಕಮ್ಮಿಯಾಗಿದ್ದರೆ ಕ್ಷಮಿಸಿ.)

ನಾನು ಗಂಡ ಲೋಕೇಶರ ಮುಖ ನೋಡಿದೆ. ಗಂಡ ಅಕ್ಕಿರೊಟ್ಟಿಯ ಮುಖ ನೋಡಿದರು.

ಆಗ ಹೊಳೀತು... ದೀಪ!

ನಮ್ಮಲ್ಲಿ ಸಂಜೆ ದೇವರ ದೀಪ ಹಚ್ಚುವ ಕೆಲಸ ಸೊಸೆಯದ್ದು. ತಿಂಗಳಿಗೆ ಐದು ದಿನ ಸೊಸೆ ಆ ಕೋಣೆಗೆ ಹೋಗುವ ಹಾಗಿಲ್ಲ, ಅತ್ತೆ ಹಚ್ಚುತ್ತಾರೆ. ಯಾರೂ ಏನೂ ಕೇಳುವುದಿಲ್ಲ, ಹೇಳುವುದಿಲ್ಲ. ಆದರೆ ನನ್ನ ಒಳಗಿನ ಸಮಾಚಾರ ಇಡೀ ಮನೆಗೆ ಆ ದೀಪದಿಂದಲೇ ಪ್ರಸಾರವಾಗುತ್ತದೆ.

ಮತ್ತು ನಾನು ಎರಡೂವರೆ ತಿಂಗಳಿಂದ ಒಂದು ದಿನವೂ ಬಿಡದೆ ದೀಪ ಹಚ್ಚಿದ್ದೆ.

ನಿಜ ಸಂಗತಿ ಏನೆಂದರೆ, ನನಗೆ ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಗೆ ಮರ್ಯಾದೆಯಿಂದ ಇರಬೇಕಾದ ಪದರದಂಥದ್ದೇ ಇನ್ನೊಂದು ಬೇಲಿ ಹಾರಿ ಅಕ್ಕಪಕ್ಕದ ತೋಟದಲ್ಲೆಲ್ಲ ಬೆಳೆಯುವ ಕಾಯಿಲೆ. ಪ್ರತಿ ತಿಂಗಳೂ ಎರಡು ದಿನ ನಾನು ಮನುಷ್ಯಳಾಗಿ ಉಳಿಯುತ್ತಿರಲಿಲ್ಲ.

ಮಗು ಬೇಕು ಅಂತ ಮೈಸೂರಿನ ಡಾಕ್ಟರ್ ಹತ್ತಿರ ಹೋದರೆ ಅವರು ಕೊಟ್ಟದ್ದು ಮುಟ್ಟು ನಿಲ್ಲಿಸುವ ಮಾತ್ರೆ. ನಾಲ್ಕು ತಿಂಗಳು ಒಳಗಿನ ಗಲಾಟೆ ತಣ್ಣಗಾಗಲಿ, ಆಮೇಲೆ ಮಾತ್ರೆ ನಿಲ್ಲಿಸಿ ಮಗುವಿಗೆ ಪ್ರಯತ್ನ ಮಾಡಿ, ಅಂದರು. ಅಂದರೆ ಈ ಮಾತ್ರೆ ನುಂಗುತ್ತಿರುವಷ್ಟು ದಿನ ನಾನು ಬಸುರಿ ಆಗುವ ಪ್ರಶ್ನೆಯೇ ಇಲ್ಲ.

ಇದನ್ನೆಲ್ಲ ಅತ್ತೆಗೆ ಹೇಳುವ ಹೊಣೆ ಲೋಕೇಶರದ್ದಾಗಿತ್ತು. ತೋಟಕ್ಕೆ ಆನೆ ನುಗ್ಗಿದರೆ ಪಟಾಕಿ ಹಿಡಿದು ಮುಂದೆ ಹೋಗುವ ಗಂಡಸು. ತಾಯಿಯ ಮುಂದೆ 'ಗರ್ಭಕೋಶ' ಅನ್ನಲು ಬಾಯಿ ಬಾರದೆ "ಅವಳಿಗೆ ಗ್ಯಾಸ್ಟ್ರಿಕ್" ಅಂದುಬಿಟ್ಟಿದ್ದರು. ಎರಡೂವರೆ ತಿಂಗಳಿಂದ ದಿನಾ ಬೆಳಿಗ್ಗೆ ಜೀರಿಗೆ ಕಷಾಯ ಕುಡಿದ ಪುಣ್ಯ ನನ್ನದು.

ಆ ಕೇಸರಿ ಹಾಲಿನ ದಿನವೇ ನಾನು ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಯಾಕೆಂದರೆ ಅತ್ತೆ ಹಾಡು ಗುನುಗುತ್ತಿದ್ದರು. ಪಕ್ಕದ ಮನೆ ಸೀತಕ್ಕ ಬೇಲಿ ಹತ್ತಿರ ಬಂದು, ನನ್ನ ನಡಿಗೆ ನೋಡಿಯೇ "ಗಂಡು" ಅಂತ ತೀರ್ಪು ಕೊಟ್ಟು, ಮಿಡಿ ಉಪ್ಪಿನಕಾಯಿ ಕೈಗಿಟ್ಟು ಹೋದರು. ಸುಂಟಿಕೊಪ್ಪದ ಚಿಕ್ಕಮ್ಮ ಫೋನಿನಲ್ಲೇ ಎರಡು ಹೆಸರು ಇಟ್ಟರು.

ಇನ್ನೊಂದು ವಿಷಯ, ನಾಚಿಕೆ ಬಿಟ್ಟು ಹೇಳುತ್ತೇನೆ. ರಾತ್ರಿ ಆ ಮಾತ್ರೆಯನ್ನು ನನ್ನ ಕೈಯಾರೆ ನುಂಗಿ, ಅದೇ ಕೈಯನ್ನು ಹೊಟ್ಟೆ ಮೇಲಿಟ್ಟುಕೊಂಡು ಮಲಗುತ್ತಿದ್ದೆ. ನಾಲ್ಕು ದಿನ... ನಾನೂ ಬಸುರಿಯಾಗಿದ್ದೆ.

ಐದನೇ ದಿನ ಭಾನುವಾರ. ಮನೆಯ ಹಿಂದಿನ ಕೋಣೆಯಿಂದ ಧಡ್ ಅಂತ ಸದ್ದು. ಹೋಗಿ ನೋಡಿದರೆ, ಮಂಡಿನೋವಿಗೆ ಮೆಟ್ಟಿಲನ್ನೇ ಹತ್ತದ ನಮ್ಮತ್ತೆ ಏಣಿ ಇಟ್ಟು ಅಟ್ಟ ಹತ್ತುತ್ತಿದ್ದಾರೆ. ಐದನೇ ಮೆಟ್ಟಿಲಲ್ಲಿದ್ದಾರೆ.

"ಲೋಕೇಶನ ತೊಟ್ಟಿಲು ಮೇಲಿದೆ. ಗೆದ್ದಲು ಹಿಡಿದಿದ್ಯೋ ಏನೋ ನೋಡ್ತೀನಿ," ಅಂತಾರೆ.

"ಅತ್ತೆ, ಇಳೀರಿ. ನಾನು ಬಸುರಿ ಅಲ್ಲ."

ಏಣಿ ಹತ್ತಿದವರಿಗೆ ಕೊಡುವ ಸುದ್ದಿಯಲ್ಲ ಅದು. ಗೊತ್ತು. ಬಾಯಿಂದ ಬಂದುಬಿಟ್ಟಿತ್ತು.

ಅತ್ತೆ ಏಣಿ ಹಿಡಿದುಕೊಂಡೇ ಕೆಳಗೆ ನೋಡಿದರು. "ಮತ್ತೆ ದೀಪ?"

ಹೇಳಿದೆ. ಎಲ್ಲ ಹೇಳಿದೆ. ಅಷ್ಟರಲ್ಲಿ ಲೋಕೇಶರೂ ಬಂದು ಏಣಿ ಹಿಡಿದು ನಿಂತರು.

"ಮಗು ಬೇಕು ಅಂತ ಮುಟ್ಟು ನಿಲ್ಲಿಸೋ ಮಾತ್ರೆನಾ? ಎಲ್ಲಿ ಓದಿದಾರೆ ಆ ಡಾಕ್ಟ್ರು?"

ಆಗ ನಮ್ಮ ಶೂರರು ಗೋಡೆ ನೋಡುತ್ತಾ ಮಾತಾಡಿದರು.

"ಅಮ್ಮ, ಹೂ ಬರಲಿ ಅಂತ ನೀರು ಬಿಡೋ ಮುಂಚೆ ಕಾಫಿ ಗಿಡ ಬಾಡಿಸಲ್ವಾ ನಾವು? ಬಾಡದೆ ಇರೋ ಗಿಡಕ್ಕೆ ಸ್ಪ್ರಿಂಕ್ಲರ್ ಹಾಕಿದ್ರೆ ಹೂ ಸರಿಯಾಗಿ ಬರುತ್ತಾ?"

ಅತ್ತೆ ಯೋಚನೆ ಮಾಡಿದರು. ನಲವತ್ತು ವರ್ಷ ರೊಬಸ್ಟಾ ಕಾಫಿ ಬೆಳೆದ ಹೆಂಗಸು. ಒಂದೊಂದೇ ಮೆಟ್ಟಿಲು ಇಳಿದು ಕೊನೆಯ ಮೆಟ್ಟಿಲ ಮೇಲೆ ಕೂತರು.

"ಎಷ್ಟು ದಿನ ಬಾಡಿಸ್ಬೇಕಂತೆ?"

"ಇನ್ನೂ ಒಂದೂವರೆ ತಿಂಗಳು."

"ಇದನ್ನ ಹೇಳೋದು ಬಿಟ್ಟು ಗ್ಯಾಸ್ಟ್ರಿಕ್ ಅಂತೀಯಲ್ಲೋ, ಕತ್ತೆ," ಅಂತ ಮಗನಿಗೆ ಹೇಳಿ ನನ್ನ ಕಡೆ ತಿರುಗಿದರು. "ತಿಂಗಳು ತಿಂಗಳು ಬಾಗಿಲು ಹಾಕ್ಕೊಂಡು ಮಲಗ್ತಿದ್ದೆಯಲ್ಲ... ಅಷ್ಟು ನೋವಾ?"

ಅದಕ್ಕೆ ಉತ್ತರ ಕೊಡಲು ಹೋಗಿ ನಾನು ಅತ್ತದ್ದು ಇಲ್ಲಿ ವಿವರಿಸುವುದಿಲ್ಲ. ಅತ್ತೆ ಸೆರಗಿನಿಂದ ನನ್ನ ಮೂಗು ಒರೆಸಿದ್ದನ್ನಂತೂ ಹೇಳುವುದೇ ಇಲ್ಲ.

ಮಾರನೆ ದಿನ ಸೀತಕ್ಕನಿಗೆ ಸುದ್ದಿ ಹೋಯಿತು. ಚಿಕ್ಕಮ್ಮನಿಗೂ ಹೋಯಿತು. ಚಿಕ್ಕಮ್ಮ ಲೋಕೇಶರಿಗೇ ಫೋನ್ ಮಾಡಿ "ನೀರು ಬಿಡೋದು ಯಾವಾಗಪ್ಪ?" ಅಂತ ಕೇಳಿದ ಮೇಲೆ ಅವರು ಒಂದು ವಾರ ಫೋನ್ ಸೈಲೆಂಟ್‌ನಲ್ಲಿ ಇಟ್ಟಿದ್ದರು.

ಮಾತ್ರೆ ಮುಗಿಯಿತು. ಅದಾಗಿ ಮೂರು ವಾರಕ್ಕೆ, ಅಂದರೆ ಮೊನ್ನೆ ಗುರುವಾರ, ನಾನು ಮುಟ್ಟಾದೆ. ನೋವಿದೆ, ಆದರೆ ಮೊದಲಿನ ಅರ್ಧ. ಕೂತು ಈ ಪೋಸ್ಟ್ ಬರೆಯುವಷ್ಟು.

ಅತ್ತೆಗೆ ಹೇಳಿದೆ. ಹೋಗಿ ಶ್ಯಾವಿಗೆ ಪಾಯಸ ಮಾಡಿದರು. ಬೇಲಿಯಾಚೆಯಿಂದ ಸೀತಕ್ಕ "ಆಯ್ತಂತೆ, ತುಂಬಾ ಸಂತೋಷ" ಅಂದರು. ಲೋಕೇಶರು ಎರಡು ಬಟ್ಟಲು ತಿಂದರು, ಇನ್ನೂ ಗೋಡೆ ನೋಡುತ್ತಲೇ.

ಈ ತಿಂಗಳು ಬಂತು ಅಂತ ಪಾಯಸ ತಿಂದು, ಮುಂದಿನ ತಿಂಗಳು ಬರದೇ ಇರಲಿ ಅಂತ ಕೈಮುಗಿದು ಕೂತಿರುವ ಮನೆ ನಮ್ಮದೊಂದೇನಾ... ನಿಮ್ಮ ಕಡೆಯೂ ಯಾರಾದರೂ ಇದ್ದೀರಾ?