ಈರಮ್ಮನ ತಂಬಿಗೆ, ನನ್ನ ಮೀಟರು

ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ನನ್ನನ್ನು ಕೃಷಿ ಅಧಿಕಾರಿಯಾಗಿ ಕುರುಗೋಡಿಗೆ ಹಾಕಿದರು. ಬಳ್ಳಾರಿಯ ಪಾರ್ವತಿನಗರದ ಮನೆಯಿಂದ ದಿನವೂ ಬಸ್ಸು. ಸಣ್ಣ ರೈತರಿಗೆ ಸೋಲಾರ್ ಡ್ರೈಯರ್‌ನಲ್ಲಿ ಮೆಣಸಿನಕಾಯಿ ಒಣಗಿಸಲು ಕಲಿಸುವುದು ನನ್ನ ಕೆಲಸ. ಡ್ರೈಯರ್ ಎಂದರೆ ದೊಡ್ಡ ಯಂತ್ರವೇನಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಶೆಡ್ಡು, ಒಳಗೆ ಜಾಲರಿ ತಟ್ಟೆಗಳು, ಉಳಿದದ್ದು ಬಿಸಿಲಿನ ಕೆಲಸ.

ಮೊದಲು ಒಪ್ಪಿದವರು ಎರಡೆಕರೆಯ ಈರಮ್ಮ. ಹಿಂದಿನ ವರ್ಷ ಕಣದಲ್ಲಿ ಹರವಿದ್ದ ಅವರ ಕಾಯಿ ಇಬ್ಬನಿಗೆ ಬಿಳಿಚಿಕೊಂಡು ಅಗ್ಗಕ್ಕೆ ಹೋಗಿತ್ತು.

"ಈ ಸಲನೂ ರೇಟ್ ಬರ್ಲಿಲ್ಲಂದ್ರ ಹೊಲ ಗುತ್ತಿಗಿ ಕೊಟ್ಟು ದೇಶನೂರಿಗೆ ಭತ್ತದ ಕೂಲಿಗೆ ಹೋಗಾಕಿ ನಾನು," ಎಂದಿದ್ದರು.

ನಾಲ್ಕೇ ದಿನಕ್ಕೆ ಕಾಯಿ ಒಣಗಿತು. ಆ ಕೆಂಪು ನೋಡಿ ನನಗೇ ಹೆಮ್ಮೆ. ತೇವಾಂಶ ಅಳೆಯುವ ಮೀಟರು ಶೇಕಡಾ ಹತ್ತು ತೋರಿಸಿತು. ನನ್ನ ಕೈಪಿಡಿ ಹೇಳಿದ್ದೂ ಅಷ್ಟೇ. ನಾಳೆ ಚೀಲ ತುಂಬಿ ಎಂದು ಹೇಳಿ ಬೀಗುತ್ತ ಬಸ್ಸು ಹತ್ತಿದೆ.

ಮರುದಿನ ಬಂದರೆ ಈರಮ್ಮ ತಂಬಿಗೆ ಹಿಡಿದು ಕಾಯಿಗೆ ನೀರು ಚಿಮುಕಿಸಲು ಹೊರಟಿದ್ದಾರೆ. ನನಗೆ ಪಿತ್ತ ನೆತ್ತಿಗೇರಿತು.

"ಏನಮ್ಮಾ ಇದು? ಚೀಲದಾಗ ಬೂಷ್ಟು ಹಿಡಿಯಂಗಿಲ್ಲೇನು?"

"ನಮ್ಮವ್ವನ ಕಾಲದಿಂದ ಹಿಂಗ ಹಾಕ್ತೀವಿ ಸಾರ್," ಎಂದು ಒಂದು ಹಿಡಿ ಕಾಯಿ ನನ್ನ ಅಂಗೈಗೆ ಇಟ್ಟರು. "ಹಿಚುಕಿ ನೋಡ್ರಿ."

ಹಿಚುಕಿದೆ. ಕಾಯಿ ಹಪ್ಪಳದಂತೆ ಪುಡಿಯಾಗಿ ಬೀಜ ಉದುರಿತು.

"ದಲಾಲರು ಹಿಂಗ ನೋಡೋದು. ಮುರಿದ್ರ ಮುಟ್ಟಂಗಿಲ್ಲ."

ನಾಚಿಕೆಯಾಯಿತು. ಅವರ ನೀರೂ ತಪ್ಪು, ನನ್ನ ಹತ್ತೂ ಸಾಲದು. ಇಬ್ಬರೂ ತಟ್ಟೆಗಳ ನಡುವೆ ಕೂತು ತಲೆ ಕೆರೆದುಕೊಂಡೆವು. ಕೊನೆಗೆ ದಾರಿ ತೋರಿಸಿದ್ದು ಈರಮ್ಮನೇ.

"ಕಣದಾಗಿನ ಕಾಯಿ ಮುಂಜಾನಿ ಮೆತ್ತಗಿರ್ತಿದ್ವು ಸಾರ್. ರಾತ್ರಿ ಶೆಡ್ಡಿನ ಪಕ್ಕದ ಹಾಳಿ ಎತ್ತಿ ಕಟ್ಟಿದ್ರ ಹೆಂಗ?"

ಮೇಲೆ ಮುಚ್ಚಿಗೆ ಇರುವುದರಿಂದ ಇಬ್ಬನಿ ಬೀಳದು, ತಂಪು ಗಾಳಿಯಷ್ಟೇ ಆಡುತ್ತದೆ. ಸಂಜೆ ಪಕ್ಕದ ಹಾಳೆಗಳನ್ನು ಮೇಲಕ್ಕೆ ಸುತ್ತಿ ಕಟ್ಟಿದೆವು. ಬೆಳಿಗ್ಗೆ ಮೀಟರು ಒಂದೇ ಅಂಕ ಏರಿತ್ತು. ಹಿಚುಕಿದರೆ ಕಾಯಿ ಬಾಗಿತು, ಮುರಿಯಲಿಲ್ಲ.

ವಾರದ ಬಳಿಕ ಬ್ಯಾಡಗಿ ಮಾರುಕಟ್ಟೆಯಿಂದ ಈರಮ್ಮನ ಫೋನು ಬಂತು.

"ದಲಾಲರು ಹಿಚುಕಿದ್ರು ಸಾರ್. ಚೀಟಿ ಮ್ಯಾಲ ಛಲೋ ರೇಟ್ ಬರದ್ರು. ದೇಶನೂರಿಗೆ ಹೋಗಂಗಿಲ್ಲ ನಾ."

ನಿವೃತ್ತಿಯ ದಿನ ಕೊರಳಿಗೆ ಬಿದ್ದ ಹಾರವೂ ಅಷ್ಟು ಸಂತೋಷ ಕೊಡಲಿಲ್ಲ.

ಆ ಸುಗ್ಗಿಯ ನಂತರ ನೌಕರಿ ಮುಗಿಯುವವರೆಗೂ, ಯಾವ ಊರಿಗೆ ಹೋದರೂ, ಮೀಟರು ಹೊರತೆಗೆಯುವ ಮೊದಲು ಇಲ್ಲಿ ಕೊಳ್ಳುವವರು ಹೇಗೆ ನೋಡುತ್ತಾರೆ ಎಂದು ಕೇಳುತ್ತಿದ್ದೆ. ಅಷ್ಟು ಕಲಿಯಲು ನನಗೆ ಇಡೀ ನೌಕರಿಯೇ ಬೇಕಾಯಿತು. ಮೀಟರನ್ನು ಆಫೀಸಿಗೆ ಒಪ್ಪಿಸಿ ಬಂದಿದ್ದೇನೆ. ಈರಮ್ಮ ಮಾತ್ರ ಪ್ರತಿ ಸುಗ್ಗಿಗೂ ಒಂದು ಕೈಚೀಲ ಮೆಣಸಿನಕಾಯಿ ಕಳಿಸುತ್ತಾರೆ. ಅಡುಗೆಮನೆಗೆ ಕೊಡುವ ಮೊದಲು ಒಂದು ಹಿಡಿ ತೆಗೆದು ಹಿಚುಕುತ್ತೇನೆ. ಇದುವರೆಗೆ ಒಂದೂ ಮುರಿದಿಲ್ಲ.